ಇಲಿ ಬಿದ್ದ ಸುದ್ದಿಯಿಂದ ನೋಟೀಸು ಬೋರ್ಡಿನವರೆಗೆ

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು ಇತಿಹಾಸದ ಪಾಠಕ್ಕೆ ಆಕಳಿಸುತ್ತಿದ್ದವನು ಈಗ ತನ್ನ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಕಾರ್ಯದರ್ಶಿಯಂತೆ. "ಸರ್, ಒಳಚರಂಡಿ ಕಟ್ಟಿದರೂ ನನಗೇ ಫೋನು, ಬೀದಿನಾಯಿ ಬೊಗಳಿದರೂ ನನಗೇ ಫೋನು. ಈ ಸಂಘ ಅನ್ನೋದನ್ನ ಯಾರು ಶುರು ಮಾಡಿದರು ಸರ್?" ಎಂದು ಕೇಳಿದ. ತಡವಾಗಿಯಾದರೂ ಇತಿಹಾಸದ ಪ್ರಶ್ನೆಯೊಂದನ್ನು ಕೇಳಿದನಲ್ಲ ಎಂದು ಸಂತೋಷವಾಯಿತು. ದೂರವಾಣಿಯಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಂಧುಗಳೂ ಇತರ ಶಿಷ್ಯರೂ ಓದಬಹುದು.

ಬೆಂಗಳೂರಿನ ಬಡಾವಣೆಗಳ ಕಥೆಯನ್ನು ಪ್ಲೇಗಿನಿಂದ ಆರಂಭಿಸುವುದು ವಾಡಿಕೆ. ಅದು ಪೂರ್ತಿ ಸರಿಯಲ್ಲ. ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿಯೇ ಸಿದ್ಧವಾಗಿತ್ತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರುವುದು ಅದರ ಉದ್ದೇಶ. ಆದರೆ ಅಜ್ಜ ಮುತ್ತಜ್ಜಂದಿರ ಮನೆ ಬಿಟ್ಟು, ನರಿ ಕೂಗುವ ಸುಂಕೇನಹಳ್ಳಿಯ ಬಯಲಿಗೆ ಸುಮ್ಮಸುಮ್ಮನೆ ಯಾರು ಬರುತ್ತಾರೆ? ಜನರನ್ನು ಎಬ್ಬಿಸಿ ಹೊರಡಿಸಿದ್ದು 1898ರ ಆಗಸ್ಟಿನಲ್ಲಿ ಬಂದ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ಎರಡು ವರ್ಷದಲ್ಲಿ ನಮ್ಮೂರಿಗೂ ತಲುಪಿತ್ತು. ಮೈಸೂರು ಸಂಸ್ಥಾನ ಅದರ ನಿರ್ವಹಣೆಗೆ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಅವರೇ ಮುಂದೆ 1906ರಲ್ಲಿ ದಿವಾನರೂ ಆದರು.

ಹಳೇ ಮೈಸೂರಿನ ಕಡೆಯ ಹಿರಿಯರ ಬಾಯಲ್ಲಿ "ಇಲಿ ಬಿತ್ತು" ಎಂಬ ಮಾತನ್ನು ನೀವು ಕೇಳಿರಬಹುದು. ಅಟ್ಟದಿಂದ ಇಲಿಯೊಂದು ತೂರಾಡುತ್ತ ಬಂದು ನಡುಮನೆಯಲ್ಲಿ ಬಿದ್ದು ಸತ್ತರೆ ಮನೆ ಖಾಲಿ ಮಾಡುವ ಕಾಲ ಬಂತೆಂದೇ ಅರ್ಥ. ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕಾಗುತ್ತಿತ್ತು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ವಿದ್ವಾಂಸರು ಅದನ್ನು ಒಪ್ಪಲು ಹಲವು ವರ್ಷಗಳೇ ಹಿಡಿದವು. ನಮ್ಮ ಅಜ್ಜಿಯರಿಗೆ ಚಿಗಟದ ವಿಷಯ ತಿಳಿಯದಿದ್ದರೂ ಇಲಿಯ ವಿಷಯ ತಿಳಿದಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಮ್ಮ ಮನೆಯಲ್ಲಿ ಇಲಿ ಬಿದ್ದ ಸುದ್ದಿಯನ್ನು ಪಕ್ಕದ ಮನೆಯವರಿಗೆ ಹೇಳಬೇಕೇ, ಬೇಡವೇ? ಹೇಳಿದರೆ ಸರ್ಕಾರದ ಜನ ಬಂದು ಮನೆಯ ಹಂಚು ತೆಗೆಸಿ, ಸಾಮಾನು ಹೊರಗೆಸೆದು, ರೋಗಿಯನ್ನು ಶಿಬಿರಕ್ಕೆ ಒಯ್ಯುತ್ತಾರೆಂಬ ಭಯ. ಹೇಳದಿದ್ದರೆ ಇಡೀ ಕೇರಿಗೆ ಅಪಾಯ. ಅನೇಕರು ಮುಚ್ಚಿಟ್ಟರು. ಕಾಯಿಲೆಯವರನ್ನಷ್ಟೇ ಅಲ್ಲ, ಸತ್ತವರನ್ನೂ ಮುಚ್ಚಿಟ್ಟದ್ದುಂಟು. ನೆರೆಹೊರೆಯ ಸುದ್ದಿ ಎಂಬುದು ಹರಟೆಯ ವಸ್ತುವಲ್ಲ, ಜೀವ ಉಳಿಸುವ ವಸ್ತು ಎಂಬುದನ್ನು ನಮ್ಮೂರು ಕಲಿತದ್ದು ಆಗಲೇ ಎಂದು ನನ್ನ ಭಾವನೆ. ಶಿಷ್ಯನ ಪ್ರಶ್ನೆಗೆ ನಾನು ಕೊಡುವ ಉತ್ತರವೂ ಇದೇ: ಕಟ್ಟಳೆ, ರಸೀದಿ ಪುಸ್ತಕ, ಮೊಹರುಗಳೆಲ್ಲ ಆಮೇಲೆ ಬಂದವು, ಸಂಘದ ಬೇರು ಇರುವುದು ನೆರೆಯವನಿಗೆ ಹೇಳಲೇಬೇಕಾದ ಸುದ್ದಿಯಲ್ಲಿ.

ಹೊಸ ಬಡಾವಣೆಗಳು ಗಾಳಿ, ಬೆಳಕು, ನೇರವಾದ ರಸ್ತೆಗಳೊಡನೆ ಎದ್ದವು. ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು 1896ರ ಹೊತ್ತಿಗೆ ಊರಿಗೆ ಬಂದಿತ್ತು. ಈ ಹೆಸರಘಟ್ಟವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1905ರಲ್ಲಿ ವಿದ್ಯುದ್ದೀಪ ಬಂತು. ಆದರೆ ನಿವೇಶನಗಳನ್ನು ಹಂಚುವಾಗ ಜಾತಿವಾರು ವಿಂಗಡಣೆ ನಡೆಯಿತೆಂಬುದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಮಲ್ಲೇಶ್ವರದ ಹಳೆಯ ಮನೆಗಳ ಹಿಂದೆ ಈಗಲೂ ಸಣ್ಣ ಓಣಿಗಳಿವೆ. ಅವನ್ನು ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆಯ ಮಲವನ್ನು ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲೆಂದು ಮಾಡಿದ ದಾರಿ ಅದು. ಇತ್ತೀಚಿನ ವರ್ಷಗಳಲ್ಲಿ ಕೆಲವು ಓಣಿಗಳಿಗೆ ಕಲ್ಲು ಹಾಸಿ, ಗೋಡೆಗೆ ಚಿತ್ರ ಬರೆದು ಅಂದಗೊಳಿಸಿದ್ದಾರೆ. ನೋಡಲು ಚೆನ್ನಾಗಿದೆ. ಅಲ್ಲಿ ನಡೆಯುವ ಮಕ್ಕಳಿಗೆ ಅದು ಯಾರ ದಾರಿಯಾಗಿತ್ತೆಂದು ಒಂದು ಫಲಕದಲ್ಲಿ ಬರೆದು ಹಾಕಿದರೆ ಇನ್ನೂ ಚೆನ್ನ.

ಸ್ವಾತಂತ್ರ್ಯಪೂರ್ವದ ಬಡಾವಣೆಗಳಲ್ಲಿ ಜನ ಸೇರುತ್ತಿದ್ದುದು ಹೆಚ್ಚಾಗಿ ಓದಿಗೆ, ಆಟಕ್ಕೆ, ಸಂಗೀತಕ್ಕೆ. ಮಲ್ಲೇಶ್ವರಂ ಅಸೋಸಿಯೇಷನ್ 1929ರಷ್ಟು ಹಳೆಯದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಲ್ಲಿ ಆರಂಭವಾಯಿತು. ಬಸವನಗುಡಿಯಂತೂ 1945ರ ಒಂದೇ ವರ್ಷದಲ್ಲಿ ಎರಡು ಸಂಸ್ಥೆಗಳನ್ನು ಪಡೆಯಿತು: ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವಿಶ್ವಸಂಸ್ಕೃತಿ ಸಂಸ್ಥೆ. ನಾಗರಿಕನಿಗೆ ರಾಜಕಾರಣದ ಶಿಕ್ಷಣ ಬೇಕು, ಆದರೆ ಅದು ಪಕ್ಷದ ಕಚೇರಿಯಿಂದ ಬರಬಾರದು ಎಂಬುದು ಡಿ.ವಿ.ಜಿ.ಯವರ ನಿಲುವು. ಇಂದಿನ ಸಂಘಗಳ ಪದಾಧಿಕಾರಿಗಳು ಬುಲ್ ಟೆಂಪಲ್ ರಸ್ತೆಯ ಆ ಕಟ್ಟಡಕ್ಕೆ ಒಮ್ಮೆಯಾದರೂ ಹೋಗಿಬರುವುದು ಒಳ್ಳೆಯದು.

ಈಗಿನ ಸ್ವರೂಪದ ಸಂಘ, ಎಂದರೆ ಅರ್ಜಿ ಬರೆಯುವ, ಚಂದಾ ಎತ್ತುವ, ಎಂಜಿನಿಯರರ ಬೆನ್ನು ಹತ್ತುವ ಸಂಘ ಬೆಳೆದದ್ದು ಊರು ದೂರದೂರಕ್ಕೆ ಹಬ್ಬಿದ ಮೇಲೆ. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, 1976ರಲ್ಲಿ ಮಂಡಳಿ ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಪ್ರಾಧಿಕಾರದ ನಿವೇಶನ ಸಿಗದವರು ಗೃಹ ನಿರ್ಮಾಣ ಸಹಕಾರ ಸಂಘಗಳ ಮೊರೆಹೊಕ್ಕರು. ಮೇಷ್ಟರುಗಳು, ಗುಮಾಸ್ತರು, ಕಾರ್ಖಾನೆ ನೌಕರರು ಕಂತು ಕಟ್ಟಿ ಕೊಂಡ ಇಂಥ ಬಡಾವಣೆಗಳಲ್ಲಿ ನಕ್ಷೆಯಲ್ಲಿ ಎಲ್ಲವೂ ಇರುತ್ತಿತ್ತು. ನೆಲದ ಮೇಲೆ ಜೇಡಿಮಣ್ಣು ಮಾತ್ರ ಇರುತ್ತಿತ್ತು. 1991ರಲ್ಲಿ ನಾವು ಬಂದು ಸೇರಿದ್ದೂ ದಕ್ಷಿಣ ಭಾಗದ ಅಂಥದ್ದೇ ಒಂದು ಬಡಾವಣೆಗೆ. ನಿವೃತ್ತಿಯ ನಂತರ ನಮ್ಮ ಸಂಘದ ನಡಾವಳಿ ಪುಸ್ತಕಗಳ ಪಾಲನೆ ನನ್ನ ಪಾಲಿಗೆ ಬಂದಿದೆ. ಗೆದ್ದಲು ತಿಂದಷ್ಟನ್ನು ಬಿಟ್ಟು ಉಳಿದುದನ್ನು ಓದಿದ್ದೇನೆ.

ಮೊದಲ ಹತ್ತು ವರ್ಷಗಳ ನಡಾವಳಿಯಲ್ಲಿ ನೀರಿನದ್ದೇ ಗೋಳು. ಕಾವೇರಿ ನೀರು 1974ರಲ್ಲಿಯೇ ಬೆಂಗಳೂರಿಗೆ ಬಂದಿದ್ದರೂ ನಮ್ಮಂಥ ಅಂಚಿನವರಿಗೆ ಕೊಳವೆಬಾವಿ, ಟ್ಯಾಂಕರುಗಳೇ ಗತಿ. ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಎಂಬ ಸುದ್ದಿಯನ್ನು ಸೈಕ್ಲೋಸ್ಟೈಲ್ ಮಾಡಿದ ಹಾಳೆಯಲ್ಲಿ ಬರೆದು ಮನೆಮನೆಗೆ ಹಂಚುತ್ತಿದ್ದರು. ಸ್ಟೆನ್ಸಿಲ್ ಕೊರೆಯುವುದು ಒಬ್ಬ ನಿವೃತ್ತ ಹೆಡ್ ಕ್ಲರ್ಕರ ಕೆಲಸ, ಹಂಚುವುದು ಹುಡುಗರ ಕೆಲಸ. ಕ್ರಮೇಣ ಅದೇ ಹಾಳೆಯಲ್ಲಿ ರಕ್ತ ಬೇಕಾದವರ ವಿವರ, ಎಸ್.ಎಸ್.ಎಲ್.ಸಿ.ಯಲ್ಲಿ ಉತ್ತಮ ಅಂಕ ಪಡೆದವರ ಹೆಸರು, ಕಳೆದುಹೋದ ಕೀಲಿಕೈ, ತೀರಿಕೊಂಡವರ ವೈಕುಂಠ ಸಮಾರಾಧನೆ ಎಲ್ಲವೂ ಸೇರಿದವು. ಒಂದೇ ಹಾಳೆಯ ಎರಡು ಬದಿಯಲ್ಲಿ ಒಂದು ಊರೇ ಇರುತ್ತಿತ್ತು. ಆಗ ಸ್ವಯಂಸೇವೆ ಎಂಬ ಮಾತನ್ನು ಯಾರೂ ಬಳಸುತ್ತಿರಲಿಲ್ಲ. ಭಾನುವಾರ ಪಾರ್ಥೇನಿಯಂ ಕೀಳುವುದಕ್ಕೆ ಬನ್ನಿ ಎನ್ನುತ್ತಿದ್ದರು, ಅಷ್ಟೇ.

ಆ ಹಾಳೆಗಳಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಇತಿಹಾಸದ ವಿದ್ಯಾರ್ಥಿಗೆ ಮುಖ್ಯ. ಬೀದಿಯ ಮೂಲೆಯ ಕಸದ ತೊಟ್ಟಿಯ ಬಗ್ಗೆ ಪುಟಗಟ್ಟಲೆ ಚರ್ಚೆಯಿದೆ. ತೊಟ್ಟಿ ತೆಗೆಸಿದ ದಿನ ಧನ್ಯವಾದ ಸಮರ್ಪಣೆಯಿದೆ. ಲಾರಿ ಹತ್ತಿದ ಕಸ ಎಲ್ಲಿಗೆ ಹೋಯಿತೆಂಬ ಪ್ರಶ್ನೆ 2012ರವರೆಗೆ ಒಂದು ಪುಟದಲ್ಲಿಯೂ ಇಲ್ಲ. ಅದು ಹೋಗುತ್ತಿದ್ದ ಸ್ಥಳಗಳಲ್ಲೊಂದು ಮಾವಳ್ಳಿಪುರ. ನೂರು ವರ್ಷಗಳ ಹಿಂದೆ ನಮಗೆ ಕುಡಿಯುವ ನೀರು ಕೊಟ್ಟ ಅದೇ ಹೆಸರಘಟ್ಟದ ಸೀಮೆಯ ಹಳ್ಳಿ! ಅಲ್ಲಿಯ ಬಾವಿ, ಕೆರೆಗಳು ಕೆಟ್ಟವು, ಜನ ಕಾಯಿಲೆ ಬಿದ್ದರು, ವರ್ಷಗಳ ಕಾಲ ದೂರಿದರು. 2012ರ ಆಗಸ್ಟಿನಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ಗುಡ್ಡೆಗಳೆದ್ದವು. ಉದ್ಯಾನನಗರಿಯ ಚಿತ್ರ ವಿದೇಶದ ಪತ್ರಿಕೆಗಳಲ್ಲಿಯೂ ಬಂತು. ಆಮೇಲೆ ಲಾರಿಗಳು ಪೂರ್ವದ ಮಂಡೂರಿನತ್ತ ತಿರುಗಿದವು. ಅಲ್ಲಿಯವರೂ 2014ರಲ್ಲಿ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು.

ಆ ಬೀಳುಬಿದ್ದ ತಿಂಗಳುಗಳಲ್ಲಿ ಸಂಘಗಳು ಮಾಡಿದ ಕೆಲಸವನ್ನು ಮಾತ್ರ ಮನಸಾರೆ ಮೆಚ್ಚಬೇಕು. 2012ರ ಅಕ್ಟೋಬರ್ 1ರಿಂದ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಸರ್ಕಾರದ ಆದೇಶವೊಂದರಿಂದಲೇ ಜನ ಬದಲಾಗುವುದಿಲ್ಲ ಎಂದು ನಿಮಗೆ ಗೊತ್ತು. ಮನೆಮನೆಯ ಬಾಗಿಲಿಗೆ ಹೋಗಿ, ಬಾಳೆಹಣ್ಣಿನ ಸಿಪ್ಪೆ ಇದರಲ್ಲಿ, ಹಾಲಿನ ಕವರು ತೊಳೆದು ಅದರಲ್ಲಿ ಎಂದು ಹತ್ತು ಸಲ ಹೇಳಿದವರು ಬಡಾವಣೆಗಳ ಸ್ವಯಂಸೇವಕರು, ಅವರಲ್ಲಿಯೂ ಬಹುಪಾಲು ಮಹಿಳೆಯರು. ಅವರ ಅನುಭವದಿಂದಲೇ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ರೂಪುಗೊಂಡಿತು. ಹಸಿರು ಡಬ್ಬಿ ಹಸಿ ಕಸಕ್ಕೆ, ಕೆಂಪು ಡಬ್ಬಿ ಡಯಾಪರಿನಂಥದಕ್ಕೆ, ಚೀಲ ಒಣ ಕಸಕ್ಕೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನೇ ಊರಿಗೆಲ್ಲ ಅನ್ವಯಿಸಿತು. ಚಿಂದಿ ಆಯುವವರಿಗೆ 2011ರಿಂದ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತ್ತು. ಹಸಿರುದಳದಂಥ ಸಂಸ್ಥೆಗಳ ಮೂಲಕ ಅವರಲ್ಲಿ ಕೆಲವರು ವಾರ್ಡುಗಳ ಒಣ ಕಸದ ಕೇಂದ್ರಗಳನ್ನು ನಡೆಸುವವರಾದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟು ಕಟ್ಟಿ ಬತ್ತಿದ ಕೆರೆಯ ಪಾಲನೆಗೆ ನಿಂತದ್ದೂ ಇದೇ ಕಾಲದ ಮಾತು.

ಮೆಚ್ಚಿದ್ದಾಯಿತು. ಇನ್ನು ಮೇಷ್ಟರ ಕೆಂಪು ಶಾಯಿ. ಸಂಘವು ಸರ್ಕಾರವಲ್ಲ. ಪಾಲಿಕೆಗೆ 2006ರ ಕೊನೆಯಿಂದ 2010ರವರೆಗೆ, ಮತ್ತೆ 2020ರ ಸೆಪ್ಟೆಂಬರಿನಿಂದ ಸುಮಾರು ಐದು ವರ್ಷ ಚುನಾಯಿತ ಸದಸ್ಯರೇ ಇರಲಿಲ್ಲ. ಆ ಪಾಲಿಕೆಯೇ ಹೋಗಿ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಸದಸ್ಯರಿಲ್ಲದ ವರ್ಷಗಳಲ್ಲಿ ಅಧಿಕಾರಿಗಳು ಸಂಘದವರನ್ನು ಕರೆದು ಕೇಳುತ್ತಿದ್ದರು. ಕೇಳಿದ್ದು ಒಳ್ಳೆಯದೇ. ಆದರೆ ಸಂಘಕ್ಕೆ ಸದಸ್ಯರು ಯಾರು? ನಮ್ಮ ಮೊದಲ ನಿಯಮಾವಳಿಯ ಪ್ರಕಾರ ನಿವೇಶನದ ಮಾಲೀಕರು ಮಾತ್ರ. ಹದಿನೈದು ವರ್ಷದಿಂದ ಬಾಡಿಗೆಗಿರುವವರಿಗೆ ಮತವಿಲ್ಲ, ಹತ್ತು ವರ್ಷದಿಂದ ಖಾಲಿ ಬಿದ್ದ ನಿವೇಶನದ ಒಡೆಯರಿಗೆ ಮತವುಂಟು. ಬೀದಿ ಗುಡಿಸುವವರು, ಮನೆಗೆಲಸದವರು, ಇಸ್ತ್ರಿ ಗಾಡಿಯವರು ನಿವಾಸಿಗಳ ಲೆಕ್ಕದಲ್ಲಿಯೇ ಇಲ್ಲ. 2016ರ ಅಕ್ಟೋಬರ್ 16ರಂದು ಉಕ್ಕಿನ ಸೇತುವೆ ಬೇಡವೆಂದು ಸಾವಿರಾರು ಜನ ಕೈ ಕೈ ಹಿಡಿದು ನಿಂತರು, ಮರುವರ್ಷ ಮಾರ್ಚಿನಲ್ಲಿ ಯೋಜನೆ ರದ್ದಾಯಿತು. 2022ರ ಜುಲೈನಲ್ಲಿ ಕೆಲಸದ ಕಾಯಮಾತಿಗಾಗಿ ಪೌರಕಾರ್ಮಿಕರು ಮುಷ್ಕರ ಹೂಡಿದಾಗ, ನಮ್ಮ ವಾಟ್ಸಾಪ್ ಗುಂಪಿನ ಸುದ್ದಿ ಕಸದ ಗಾಡಿ ಬರಲಿಲ್ಲ ಎಂಬುದಷ್ಟೇ ಆಗಿತ್ತು.

2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಪ್ಲೇಗಿನ ಪಾಠವೇ ಮತ್ತೆ ಪರೀಕ್ಷೆಗೆ ಬಂತು. ಪಾಲಿಕೆಯವರು ಬಾಗಿಲಿಗೆ ಚೀಟಿ ಅಂಟಿಸುತ್ತಾರೆಂಬ ಭಯಕ್ಕೆ ಜ್ವರವನ್ನು ಮುಚ್ಚಿಟ್ಟವರಿದ್ದರು. ಅದೇ ಬೀದಿಯಲ್ಲಿ, ಒಂಟಿಯಾಗಿದ್ದ ವೃದ್ಧರ ಪಟ್ಟಿ ಮಾಡಿ ಮಾತ್ರೆ, ಹಾಲು ತಲುಪಿಸಿದ ಹುಡುಗರಿದ್ದರು. ಅವರಲ್ಲಿ ಮೂವರು ನನ್ನ ಶಿಷ್ಯರು, ಹೆಸರು ಹೇಳಿದರೆ ನಾಚಿಕೊಳ್ಳುತ್ತಾರೆ. ಮನೆಗೆಲಸದವರನ್ನು ಗೇಟಿನಿಂದಲೇ ಹಿಂದೆ ಕಳಿಸಿದ ಸಂಘಗಳಿದ್ದವು. ಬಾರದಿದ್ದರೂ ಸಂಬಳ ಕೊಡಬೇಕೆಂದು ನಿರ್ಣಯ ಮಾಡಿದ ಸಂಘಗಳೂ ಇದ್ದವು. ನಮ್ಮಲ್ಲಿ ಈ ಬಗ್ಗೆ ಎರಡು ಸಭೆಗಳು ಗದ್ದಲದಲ್ಲಿ ಮುರಿದು, ಮೂರನೆಯದರಲ್ಲಿ ಸಂಬಳದ ನಿರ್ಣಯವಾಯಿತು. ಅದರ ಮರುವರ್ಷದ ಸರ್ವಸದಸ್ಯರ ಸಭೆಯಲ್ಲಿ ಬಾಡಿಗೆದಾರರಿಗೂ ಸದಸ್ಯತ್ವ ಸಿಕ್ಕಿತು. ಈಗ ನಮ್ಮ ನೋಟೀಸು ಬೋರ್ಡಿನಲ್ಲಿ ಬೀದಿ ಗುಡಿಸುವ ಐವರ ಹೆಸರು, ಅವರ ವಾರದ ರಜೆಯ ದಿನ ಬರೆದಿದೆ. ಮೊದಲು ಅವರನ್ನು "ಕಸದವರು" ಎನ್ನುತ್ತಿದ್ದ ನಮ್ಮ ಎದುರುಮನೆಯ ಹಿರಿಯರು ಈಗ "ಲಕ್ಷ್ಮಮ್ಮ ಇವತ್ತು ರಜ" ಎಂದು ಸೊಸೆಗೆ ಕೂಗಿ ಹೇಳುತ್ತಾರೆ.

ಶಿಷ್ಯನಿಗೆ ಒಂದು ಸೂಚನೆ: ನಿನ್ನ ಸಂಘದ ನಡಾವಳಿಯನ್ನು ಮೊಬೈಲಿನಲ್ಲಿ ಮಾತ್ರ ಇಡಬೇಡ, ಕಾಗದದ ಮೇಲೂ ಬರೆದಿಡು. ಹಾಗೆಯೇ ಎಲ್ಲರಲ್ಲಿಯೂ ಒಂದು ವಿನಂತಿ. ನಮ್ಮ ಬಡಾವಣೆಯ ಹಳೆಯ ಸುದ್ದಿಹಾಳೆಗಳಲ್ಲಿ 1993 ಮತ್ತು 1994ನೇ ಇಸವಿಯವು ಮಳೆನೀರಿಗೆ ಸಿಕ್ಕಿ ಹಾಳಾಗಿವೆ. ನಿಮ್ಮ ತಂದೆತಾಯಂದಿರ ಟ್ರಂಕಿನಲ್ಲೋ, ಅಡುಗೆಮನೆಯ ಗೂಡಿಗೆ ಹಾಸಿದ ಕಾಗದದಲ್ಲೋ ಅಂಥದ್ದು ಸಿಕ್ಕರೆ ಎಸೆಯದೆ ನನಗೆ ತಲುಪಿಸಿ. ಪ್ರತಿ ಮಾಡಿಸಿಕೊಂಡು ಹಿಂದಿರುಗಿಸುತ್ತೇನೆ.