ಕಾಲಗಣಕನ ಚರಿತ್ರೆ: ಶಂಕರ ಬಾಳಕೃಷ್ಣ ದೀಕ್ಷಿತ ಮತ್ತು ಭಾಸ್ಕರಾಚಾರ್ಯನ ಊರಿನ ಪ್ರಶ್ನೆ

ಶಾಸನದ ತಿಥಿ-ವಾರಗಳನ್ನು ಕ್ರಿಸ್ತಶಕಕ್ಕೆ ಹೊಂದಿಸಲು ಶಾಸನತಜ್ಞರು ಬಹುಕಾಲ ನೆಚ್ಚಿದ ಆಕರಗಳಲ್ಲೊಂದು ಸಿವೆಲ್ ಮತ್ತು ದೀಕ್ಷಿತರ ‘ದಿ ಇಂಡಿಯನ್ ಕ್ಯಾಲೆಂಡರ್’ (1896). ಸಹಲೇಖಕ ಶಂಕರ ಬಾಳಕೃಷ್ಣ ದೀಕ್ಷಿತರು (1853–1898) ಕೊಂಕಣದ ಮುರುಡದವರು, ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಕನ್ನಡನಾಡಿನ ರಾಜವಂಶಗಳ ಚರಿತ್ರೆ ಬರೆದ ಫ್ಲೀಟ್, ತನ್ನ ಗುಪ್ತಶಾಸನ ಸಂಪುಟಕ್ಕೆ (1888) ಇವರ ಗಣಿತದ ನೆರವನ್ನೇ ಪಡೆದಿದ್ದ. 1896ರಲ್ಲೇ ಅವರ ಮರಾಠಿ ಮಹಾಗ್ರಂಥ ‘ಭಾರತೀಯ ಜ್ಯೋತಿಷಶಾಸ್ತ್ರ’ವೂ ಅಚ್ಚಾಯಿತು. ಅದರಲ್ಲಿ ಜ್ಯೋತಿರ್ವಿದರ ಕಾಲ, ಊರು, ವಂಶ, ಕೃತಿಗಳ ವಿವರ ಕಾಲಾನುಕ್ರಮದಲ್ಲಿ ಬರುತ್ತದೆ. ಅಲ್ಲಿ ಜೀವನಚರಿತ್ರೆಯೆಂದರೆ ಸ್ತುತಿಯಲ್ಲ, ಶಾಸ್ತ್ರದ ಕಾಲನಿರ್ಣಯಕ್ಕೆ ಆಧಾರ ಎಂಬುದು ಈ ಲೇಖನದ ವಾದ.

ಆ ಜ್ಯೋತಿರ್ವಿದರಲ್ಲಿ ಭಾಸ್ಕರಾಚಾರ್ಯನನ್ನೇ ನೋಡಬಹುದು. ಶಕ 1036ರಲ್ಲಿ (ಕ್ರಿ.ಶ. 1114) ಹುಟ್ಟಿ, ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಎರಡನೆಯ ಸಾಕ್ಷ್ಯ ಕಲ್ಲಿನದು. ಛತ್ರಪತಿ ಸಂಭಾಜಿನಗರ ಜಿಲ್ಲೆಯ ‘ಕನ್ನಡ’ ತಾಲ್ಲೂಕಿನಿಂದ ಘಟ್ಟವಿಳಿದರೆ ಚಾಳೀಸಗಾಂವ್ ಸೀಮೆ; ಅಲ್ಲಿಯ ಪಾಟಣದಲ್ಲಿ ಭಾವೂ ದಾಜಿ ಬೆಳಕಿಗೆ ತಂದ 1207ರ ಶಾಸನವಿದೆ. ತ್ರಿವಿಕ್ರಮನಿಂದ ಚಂಗದೇವನವರೆಗಿನ ವಂಶಾವಳಿ ಅದರಲ್ಲಿದೆ. ಯಾದವ ಸಿಂಘಣನ ಆಸ್ಥಾನ ಜ್ಯೋತಿಷಿ ಚಂಗದೇವ, ಅಜ್ಜ ಭಾಸ್ಕರನ ಗ್ರಂಥಗಳ ಅಧ್ಯಯನಕ್ಕೆಂದು ಮಠ ಕಟ್ಟಿಸಿದ. ಭಾಸ್ಕರನ ಮಗ ಲಕ್ಷ್ಮೀಧರನ ಹೆಸರಿರುವ ಆ ಕಲ್ಲಿನಲ್ಲಿ ಲೀಲಾವತಿಯೆಂಬ ಮಗಳ ಸುದ್ದಿಯಿಲ್ಲ. ಅವಳ ಕಥೆ ನಮಗೆ ದೊರೆಯುವುದು ಭಾಸ್ಕರನ ‘ಲೀಲಾವತಿ’ ಗ್ರಂಥಕ್ಕೆ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಗಂಡುಸಂತತಿಯನ್ನಷ್ಟೇ ಎಣಿಸುವ ವಂಶಾವಳಿಯ ಮೌನದಿಂದ ಮಗಳೇ ಇರಲಿಲ್ಲವೆನ್ನಲಾಗದು. ಆದರೆ ಕಥೆಯನ್ನು ಚರಿತ್ರೆಯೆನ್ನಲೂ ಆಗದು.

ಭಾಸ್ಕರ ತನ್ನ ಊರೆಂದು ಹೇಳುವ ‘ವಿಜ್ಜಡವಿಡ’ವನ್ನು ನಮ್ಮಲ್ಲಿ ಹಲವರು ವಿಜಯಪುರವೆಂದು ಗುರುತಿಸುತ್ತಾರೆ. ಹೆಸರಿನ ಹೋಲಿಕೆ ನಿಜ. ಆದರೆ ಆ ಊರು ಸಹ್ಯಾದ್ರಿಯ ಆಶ್ರಯದಲ್ಲಿತ್ತೆಂದು ಅವನ ಶ್ಲೋಕವೇ ಹೇಳುತ್ತದೆ; ವಿಜಯಪುರವಿರುವುದು ಬಯಲಿನಲ್ಲಿ. ಪಾಟಣದ ಪಕ್ಷಕ್ಕೆ ಬಲ ಹೆಚ್ಚು. ಹತ್ತಿರದ ಬಹಾಳದಲ್ಲಿ ದೊರೆತ 1222ರ ಶಾಸನವೂ ಇದೇ ಮನೆತನದ್ದು.

ಇಂಥ ಜ್ಯೋತಿರ್ವಿದರ ಮನೆತನಗಳ ಜಾಡು ನಾಸಿಕದ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿಯ ದಂಡೆಯಲ್ಲೂ ಸಿಗುತ್ತದೆ. 1658ರಲ್ಲಿ ಕಾಶಿಯಲ್ಲಿ ‘ಸಿದ್ಧಾಂತತತ್ತ್ವವಿವೇಕ’ ಬರೆದ ಕಮಲಾಕರನ ಪೂರ್ವಜರು ಗೋದಾತೀರದ ಗೋಲಗ್ರಾಮದವರು.

ಶ್ಲೋಕ, ಶಿಲೆ, ಗಣಿತ ಮೂರೂ ಒಪ್ಪಿದಷ್ಟನ್ನೇ ನಿರ್ಣಯವೆನ್ನಬೇಕು. ಆ ಅಳತೆಯಲ್ಲಿ ಭಾಸ್ಕರನ ಜನ್ಮವರ್ಷ ಖಚಿತ. ಪಾಟಣ ಅವನ ಮೊಮ್ಮಗನ ಮಠದ ಊರು ಎಂಬುದೂ ಖಚಿತ. ಅವನು ಹುಟ್ಟಿದ್ದು ಅಲ್ಲೇ ಎಂದು ಮಾತ್ರ ಶಾಸನ ಹೇಳುವುದಿಲ್ಲ.