ಅತಿಥಿ ಉಪನ್ಯಾಸದ ಹಿಂದುಮುಂದು: ಬೆಂಗಳೂರಿನ ರಸಾಯನಶಾಸ್ತ್ರ ಪರಂಪರೆ ಮತ್ತು ಚಿಕ್ಕಬಾಣಾವರದ ಕಾಲೇಜುಗಳು

ಪೀಠಿಕೆ

ಹೆಸರಘಟ್ಟ ರಸ್ತೆಯ ಆಸುಪಾಸಿನಲ್ಲಿ, ಚಿಕ್ಕಬಾಣಾವರದಿಂದ ಸೋಲದೇವನಹಳ್ಳಿಯವರೆಗೆ, ಈಗ ಎಂಜಿನಿಯರಿಂಗ್, ಫಾರ್ಮಸಿ ಮತ್ತು ಪದವಿ ಕಾಲೇಜುಗಳ ಸಾಲೇ ಇದೆ. ಎಂಜಿನಿಯರಿಂಗ್ ಓದುವವರಿಗೆ ಇಲ್ಲಿ ರಸಾಯನಶಾಸ್ತ್ರವೆಂದರೆ ಮೊದಲ ವರ್ಷದ ಒಂದು ಸೆಮಿಸ್ಟರ್, ಅವರ ಮಾತಿನಲ್ಲಿ ‘ಕೆಮಿಸ್ಟ್ರಿ ಸೈಕಲ್’. ಅದು ಮುಗಿದ ಮೇಲೆ ಆ ವಿಷಯದ ನಂಟು ಉಳಿಯುವ ಕೆಲವೇ ದಾರಿಗಳಲ್ಲಿ ವಿಭಾಗದವರು ಏರ್ಪಡಿಸುವ ವಿಶೇಷ ಅತಿಥಿ ಉಪನ್ಯಾಸವೂ ಒಂದು. ಅದರ ಕ್ರಮ ಎಲ್ಲರಿಗೂ ಗೊತ್ತು: ಸ್ವಾಗತ, ಪರಿಚಯ, ಒಂದು ಗಂಟೆಯ ಸ್ಲೈಡು, ಎರಡು ಪ್ರಶ್ನೆ, ಶಾಲು, ಸ್ಮರಣಿಕೆ, ವಂದನಾರ್ಪಣೆ. ಮಾನ್ಯತೆಯ ಕಡತಕ್ಕೆ ಹಾಜರಿ ಪಟ್ಟಿಯೂ ಜಿಯೋಟ್ಯಾಗ್ ಫೋಟೊಗಳೂ ಸೇರಿದರೆ ಕಾರ್ಯಕ್ರಮ ಮುಗಿಯಿತು.

ಇಂಥ ಉಪನ್ಯಾಸ ಮಾಲೆಯ ಬೆಲೆ ಅತಿಥಿಯ ಹೆಸರಿನಿಂದ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬೆಂಗಳೂರಿನ ರಸಾಯನಶಾಸ್ತ್ರದ ಇತಿಹಾಸವನ್ನು ನೋಡಿದರೆ ಆ ನಂಬಿಕೆಗೆ ಆಧಾರ ಕಡಿಮೆ. ಉಪನ್ಯಾಸದ ಹಿಂದೆ ಊರಿನ ಪ್ರಶ್ನೆಯೊಂದು, ಮುಂದೆ ಪ್ರಯೋಗಾಲಯದ ಕೆಲಸವೊಂದು ಇದ್ದಾಗಲೇ ಅದು ನಿಂತಿದೆ ಎಂಬುದು ಈ ಲೇಖನದ ವಾದ.

ಹೊರಗಿನಿಂದ ಬಂದವರು, ಇಲ್ಲಿ ಮಾಡಿದ ಕೆಲಸ

ಬೆಂಗಳೂರಿಗೆ ಆಧುನಿಕ ರಸಾಯನಶಾಸ್ತ್ರ ಬಂದದ್ದೇ ಅತಿಥಿಯೊಬ್ಬರ ಸಲಹೆಯ ಬೆನ್ನಿಗೆ. ಜೆ.ಎನ್. ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆಯನ್ನು ಪರಿಶೀಲಿಸಲು 1900ರಲ್ಲಿ ಭಾರತಕ್ಕೆ ಬಂದ ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆ, ಸಂಸ್ಥೆಗೆ ಬೆಂಗಳೂರು ತಕ್ಕ ಜಾಗವೆಂದು ಸೂಚಿಸಿದರು. 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಗುರುತಿಸುವಾಗ ಅವರ ಜೊತೆಗಿದ್ದ ಮಾರಿಸ್ ಟ್ರ್ಯಾವರ್ಸ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. 1911ರಲ್ಲಿ ಪಾಠ ಆರಂಭವಾದಾಗ ಸಂಸ್ಥೆಯ ಮುಖ್ಯ ಒಲವು ರಸಾಯನಶಾಸ್ತ್ರದ ಕಡೆಗೇ ಇತ್ತು. ಮುಂದಿನ ದಶಕಗಳಲ್ಲಿ ನಿರ್ದೇಶಕರಾದ ಮಾರ್ಟಿನ್ ಫಾರ್ಸ್ಟರ್ ಮತ್ತು ಜೆ.ಸಿ. ಘೋಷ್ ಇಬ್ಬರೂ ರಸಾಯನಶಾಸ್ತ್ರಜ್ಞರೇ.

ಆದರೆ ಆ ವಿದ್ಯೆ ನೆಲಕ್ಕೆ ಇಳಿದದ್ದು ಶ್ರೀಗಂಧದ ಮೂಲಕ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಿತು. ಮೈಸೂರು ಸಂಸ್ಥಾನದ ಉಗ್ರಾಣಗಳಲ್ಲಿ ಮರ ಕೊಳೆಯುವ ಸ್ಥಿತಿ ಬಂತು. ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಇಲ್ಲಿಯೇ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಮರಳಿದ ಎಸ್.ಜಿ. ಶಾಸ್ತ್ರಿಯವರ ಕೈಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಆ ಸಾಬೂನು ಕಾರ್ಖಾನೆ ಇಂದು ಇರುವುದು ಯಶವಂತಪುರದ ಬಳಿ, ಚಿಕ್ಕಬಾಣಾವರಕ್ಕೆ ಹೋಗುವ ರೈಲಿನ ಹಾದಿಯಲ್ಲೇ.

ಗಿಲ್ಬರ್ಟ್ ಫೌಲರ್ ಅವರ ಕಥೆ ಉಪನ್ಯಾಸದ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು. ಕೊಳಚೆ ನೀರಿಗೆ ಗಾಳಿ ಊದಿ, ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಸರನ್ನೇ ಮತ್ತೆ ಮತ್ತೆ ಬಳಸಿ ನೀರನ್ನು ಶುದ್ಧಗೊಳಿಸುವ ಪದ್ಧತಿಯನ್ನು ಆರ್ಡರ್ನ್ ಮತ್ತು ಲಾಕೆಟ್ 1914ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಮಂಡಿಸಿದರು. ಅವರಿಗೆ ದಾರಿ ತೋರಿದ್ದವರು ಫೌಲರ್. ಇಂದಿನ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಹೆಚ್ಚಿನವು ನಡೆಯುವುದು ಆ ‘ಆಕ್ಟಿವೇಟೆಡ್ ಸ್ಲಡ್ಜ್’ ತತ್ವದ ಮೇಲೆ. ಫೌಲರ್ 1916ರಲ್ಲಿ ಬೆಂಗಳೂರಿನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು, ಜೀವರಸಾಯನ ವಿಭಾಗಕ್ಕೆ ತಳಪಾಯ ಹಾಕಿದರು. ಒಂದು ಸಭೆಯಲ್ಲಿ ಓದಿದ ಪ್ರಬಂಧ ಎರಡೇ ವರ್ಷದಲ್ಲಿ ತನ್ನ ಗುರುವಿನ ಜೊತೆ ಈ ಊರಿಗೆ ಬಂದು ಬೋಧನೆಯಾಯಿತು.

ಊರಿನ ಸಭೆ, ಊರಿನ ಮಾತು

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ಹರಿಯಿತು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1910ರ ದಶಕದ ಕೊನೆಗೆ ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಯೋಜನೆಯಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ಮಾತಾಡಿದ್ದು ಕೈಯಗಲದ ಪುಸ್ತಕವಾಗಿ ಅಚ್ಚಾಯಿತು. ಕುವೆಂಪು ಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಪ್ರಸಾರಾಂಗದ ಬಲ ಸಿಕ್ಕಿತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರಂಥವರು ಕನ್ನಡದ ವಿಜ್ಞಾನ ಗದ್ಯವನ್ನು ಹದಗೊಳಿಸಿದ್ದು ಈ ವಾತಾವರಣದಲ್ಲೇ.

ನಿಯಮಿತತೆಗೆ ಮಾದರಿ ಬೇಕಿದ್ದರೆ ಬಸವನಗುಡಿಗೆ ಹೋಗಬೇಕು. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸವನ್ನು ಊರಿನ ಅಭ್ಯಾಸವಾಗಿಸಿತು. ಜುಲೈ ತಿಂಗಳಿಗೆ ಅದು ಹಬ್ಬವೇ ಆಯಿತು. ಅಲ್ಲಿ ಕೇಳುಗರು ಮೊದಲು ನಂಬಿದ್ದು ವಾರವನ್ನು, ಆಮೇಲೆ ಅತಿಥಿಯನ್ನು. ಯಾರು ಬಂದರೂ ಬುಧವಾರ ಸಂಜೆ ಏನೋ ಒಂದು ಸಿಗುತ್ತದೆ ಎಂಬ ಭರವಸೆ ವರ್ಷಗಟ್ಟಲೆ ಸಭಾಂಗಣವನ್ನು ತುಂಬಿಸಿತು.

ಹೊರವಲಯದ ಕಾಲೇಜಿನ ಅತಿಥಿ ಉಪನ್ಯಾಸ ಈ ಎರಡು ಧಾರೆಗಳ ನಡುವೆ ಸಿಕ್ಕಿಕೊಂಡಿದೆ. ಸಂಸ್ಥೆಯಿಂದ ಅದು ಇಂಗ್ಲಿಷನ್ನೂ ಸ್ಲೈಡನ್ನೂ ತೆಗೆದುಕೊಂಡಿತು, ಹಿಂದಿದ್ದ ಪ್ರಯೋಗವನ್ನು ಬಿಟ್ಟಿತು. ಊರಿನ ಸಭೆಯಿಂದ ಹಾರ ಶಾಲನ್ನು ತೆಗೆದುಕೊಂಡಿತು, ನಿಯಮಿತತೆಯನ್ನೂ ಅಚ್ಚಿನ ಶಿಸ್ತನ್ನೂ ಬಿಟ್ಟಿತು.

ಪಕ್ಕದಲ್ಲೇ ಇರುವ ಪಾಠ: ಒಂದು ಉದಾಹರಣೆ

ಚಿಕ್ಕಬಾಣಾವರಕ್ಕೆ ವಿಷಯದ ಬರವಿಲ್ಲ. ಹೆಸರಘಟ್ಟ ಕೆರೆಯ ನೀರನ್ನು ಬೆಂಗಳೂರಿಗೆ ಸಾಗಿಸಿದ 19ನೆಯ ಶತಮಾನದ ಯೋಜನೆಯ ಪಂಪಿಂಗ್ ಸ್ಟೇಷನ್ ಇದ್ದದ್ದು ಸೋಲದೇವನಹಳ್ಳಿಯಲ್ಲಿ. ಆ ನೀರು ಮಲ್ಲೇಶ್ವರದಲ್ಲಿ ಶೋಧನೆಗೆ ಒಳಗಾಗುತ್ತಿತ್ತು. ಜುವೆಲ್ ಫಿಲ್ಟರ್ ಎಂಬ ಹೆಸರು ಅಲ್ಲಿ ಈಗಲೂ ಉಳಿದಿದೆ. ಪಟಿಕದಿಂದ ಕೆಸರು ಕೂಡಿಸಿ ಮರಳಿನಲ್ಲಿ ಸೋಸುವ ಆ ವಿಧಾನವೇ ಕಲಿಲ ರಸಾಯನದ ಒಂದು ಪೂರ್ಣ ಅಧ್ಯಾಯ. ಚಿಕ್ಕಬಾಣಾವರ ಕೆರೆಗೆ ಸೇರುವ ಕೊಳಚೆ, ಮೊದಲ ವರ್ಷದ ಲ್ಯಾಬಿನಲ್ಲಿ ಮಾಡುವ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಗೆ ಬೇಕಾದ ಮಾದರಿ.

ಇವುಗಳಿಗಿಂತ ಹರಿತವಾದದ್ದು ಹತ್ತಿರದ ಪೀಣ್ಯ ಕೈಗಾರಿಕಾ ಪ್ರದೇಶದ ಕ್ರೋಮಿಯಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮಾಲಿನ್ಯ ಸೂಚ್ಯಂಕ ಪೀಣ್ಯವನ್ನು ತೀವ್ರ ಮಾಲಿನ್ಯದ ಗುಂಪಿಗೆ ಸೇರಿಸಿತು. ಅಲ್ಲಿನ ಅಂತರ್ಜಲದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರುವುದು ದಾಖಲಾಗಿದೆ. ಕ್ರೋಮಿಯಂ ಲೇಪಿಸುವ ಪ್ಲೇಟಿಂಗ್ ಶೆಡ್ಡಿನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರನೆಯ ಒಂದು ಪಾಲು ಗಂಧಕಾಮ್ಲ ಇರುತ್ತದೆ. ಲೇಪನಗೊಂಡ ಬಿಡಿಭಾಗವನ್ನು ಎತ್ತಿ ತೊಳೆದಾಗ ಆ ಹಳದಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪರೀಕ್ಷೆಗೆ ಓದಿದ ಎಷ್ಟೋ ತಂಡಗಳು ಬಾಯಿಪಾಠ ಮಾಡಿದ ಪ್ರಶ್ನೆಯೊಂದಿದೆ: ಕ್ರೋಮಿಯಂ ಲೇಪನಕ್ಕೆ ಕ್ರೋಮಿಯಂ ಆನೋಡನ್ನೇ ಏಕೆ ಬಳಸುವುದಿಲ್ಲ? ಆನೋಡಿನಲ್ಲಿ ಲೋಹ ಕರಗುವ ವೇಗ ಕ್ಯಾಥೋಡಿನಲ್ಲಿ ಕೂರುವ ವೇಗಕ್ಕಿಂತ ಹೆಚ್ಚು. ದ್ರಾವಣದಲ್ಲಿ ಮೂರು ವೇಲೆನ್ಸಿಯ ಕ್ರೋಮಿಯಂ ಶೇಖರವಾಗಿ ಲೇಪನ ಕಪ್ಪಾಗುತ್ತದೆ. ಅದಕ್ಕೇ ಕರಗದ ಸೀಸದ ಮಿಶ್ರಲೋಹ. ಉತ್ತರ ಬರೆದವರಿಗೆ ಅಂಕ ಬರುತ್ತದೆ. ಆ ಆನೋಡು ಕೆಲವೇ ಕಿಲೋಮೀಟರಿನಾಚೆಯ ಶೆಡ್ಡಿನಲ್ಲಿ ತೂಗುತ್ತಿದೆ ಎಂಬುದು ತರಗತಿಯಲ್ಲಿ ಬರುವುದಿಲ್ಲ.

ಇದೇ ವಿಷಯಕ್ಕೆ ಅತಿಥಿ ಬಂದರೆ ವೇದಿಕೆಯ ಮೇಲೆ ಒಂದು ಬೀಕರ್ ಸಾಕು. ಆಮ್ಲೀಯಗೊಳಿಸಿದ ತೆಳು ಡೈಕ್ರೋಮೇಟ್ ದ್ರಾವಣ ಕಿತ್ತಳೆ ಬಣ್ಣದ್ದು. ಅದಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಕಣ್ಣೆದುರೇ ಹಸಿರಾಗುತ್ತದೆ: ವಿಷಕಾರಿ ಆರು ವೇಲೆನ್ಸಿ ಅಷ್ಟು ಅಪಾಯವಿಲ್ಲದ ಮೂರಕ್ಕೆ ಇಳಿದಿದೆ. ಸುಣ್ಣದ ನೀರು ಬೆರೆಸಿ ಪಿಎಚ್ 8ರ ಮೇಲೆ ಏರಿಸಿದರೆ ಹೈಡ್ರಾಕ್ಸೈಡ್ ತಳಕ್ಕೆ ಕೂರುತ್ತದೆ. ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ (ಇಟಿಪಿ) ನಡೆಯುವುದು ಇದೇ ಕ್ರಿಯೆ. ಉಳಿದ ಕೆಸರನ್ನು ಸಿಂಕಿಗೆ ಸುರಿಯದೆ ಪ್ರತ್ಯೇಕ ಬಾಟಲಿಗೆ ತುಂಬಿ ಲೇಬಲ್ ಹಚ್ಚುವುದೂ ಪ್ರಾತ್ಯಕ್ಷಿಕೆಯ ಭಾಗವಾಗಬೇಕು, ಏಕೆಂದರೆ ಉದ್ಯಮದ ಕಷ್ಟ ಆರಂಭವಾಗುವುದೇ ಅಲ್ಲಿಂದ. ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ನಲ್ಲಿ ಒಂದು ಮೇಣದ ಬತ್ತಿಯ ಮೇಲೆ ಆರು ಉಪನ್ಯಾಸ ಕೊಟ್ಟದ್ದು ಇದೇ ರೀತಿಯಲ್ಲಿ. ವಸ್ತು ಎಲ್ಲರ ಮನೆಯದು, ಪ್ರಯೋಗ ಎಲ್ಲರ ಕಣ್ಣೆದುರಿನದು, ಆ ಮಾತು ಮರುವರ್ಷವೇ ಪುಸ್ತಕ.

ಎರಡು ಆಕ್ಷೇಪಗಳು

ಊರಿನ ವಿಷಯಕ್ಕೇ ಕಟ್ಟಿಹಾಕಿದರೆ ವಿದ್ಯಾರ್ಥಿಗಳಿಗೆ ಹೊಸ ಸಂಶೋಧನೆಯ ಗಾಳಿ ತಾಗುವುದು ಹೇಗೆ ಎಂದು ಕೇಳಬಹುದು. ಫೌಲರ್ ಅವರ ನಿದರ್ಶನ ಇದಕ್ಕೆ ಉತ್ತರ. ಮ್ಯಾಂಚೆಸ್ಟರಿನ ಚರಂಡಿಯ ಪ್ರಶ್ನೆಯೇ ಲೋಕಕ್ಕೆಲ್ಲ ಸಲ್ಲುವ ತಂತ್ರವಾಯಿತು. ಕ್ರೋಮಿಯಂ ಹಿಡಿಯುವ ಅಧಿಶೋಷಕಗಳು, ಮೂರು ವೇಲೆನ್ಸಿಯ ಲೇಪನ ದ್ರಾವಣಗಳು ಇಂದಿನ ಪ್ರಯೋಗಾಲಯಗಳ ಜೀವಂತ ವಿಷಯಗಳೇ.

ಎರಡನೆಯ ಆಕ್ಷೇಪ ಹಣದ್ದು, ಸಂಪರ್ಕದ್ದು. ಬೆಂಗಳೂರಿನ ಕಾಲೇಜಿಗೆ ಈ ನೆಪ ಹೆಚ್ಚು ಸಲ್ಲದು. ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಕಾಲೇಜುಗಳಲ್ಲಿ ಉಪನ್ಯಾಸ ಕಾರ್ಯಾಗಾರಗಳನ್ನು ನಡೆಸುತ್ತ ಬಂದಿದೆ. 1999ರಲ್ಲಿ ಹುಟ್ಟಿದ ಭಾರತೀಯ ರಸಾಯನ ಸಂಶೋಧನಾ ಸಂಘದ ನೆಲೆ ಇದೇ ನಗರ. ಸಿ.ಎನ್.ಆರ್. ರಾವ್ ಕಟ್ಟಿದ ಜಕ್ಕೂರಿನ ನೆಹರೂ ಕೇಂದ್ರ ಶಾಲಾ ಮಕ್ಕಳಿಗೂ ಅಧ್ಯಾಪಕರಿಗೂ ಬಾಗಿಲು ತೆರೆದಿದೆ. ಪೀಣ್ಯದ ಇಟಿಪಿ ನಡೆಸುವ ಅನುಭವಿ ಕೆಮಿಸ್ಟನ್ನು ಕರೆಯಲು ವಿಮಾನದ ಟಿಕೆಟ್ಟೂ ಬೇಡ.

ಉಪಸಂಹಾರ

ಹಾಗಾದರೆ ಮಾಲೆಯನ್ನು ಯೋಜಿಸುವವರು ಅತಿಥಿಗಳ ಪಟ್ಟಿಯಿಂದ ಶುರುಮಾಡಬಾರದು, ಪ್ರಶ್ನೆಗಳ ಪಟ್ಟಿಯಿಂದ ಮಾಡಬೇಕು. ಪ್ರತಿ ಪ್ರಶ್ನೆಗೆ ಒಬ್ಬ ಸಂಶೋಧಕ, ಒಬ್ಬ ಉದ್ಯಮದವರು; ವೇದಿಕೆಯ ಮೇಲೆ ಒಂದು ಪ್ರಾತ್ಯಕ್ಷಿಕೆ; ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ; ವರ್ಷದ ಕೊನೆಗೆ ಪ್ರಚಾರೋಪನ್ಯಾಸದ ಹಳೆಯ ಮಾದರಿಯಲ್ಲಿ ಒಂದು ಸಣ್ಣ ಪುಸ್ತಕ. ಮಾನ್ಯತೆಯ ಕಡತಕ್ಕೆ ಫೋಟೊ ಹೋಗಲಿ. ಅದರ ಜೊತೆಗೆ, ಉಪನ್ಯಾಸವಾದ ಮರುವಾರ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಯಾವ ಮಾದರಿಯನ್ನು ಪರೀಕ್ಷಿಸಿದರು, ಏನು ಫಲಿತಾಂಶ ಬಂತು ಎಂಬ ಒಂದು ಪುಟವೂ ಕಡ್ಡಾಯವಾಗಲಿ. ಉಪನ್ಯಾಸ ನಡೆಯಿತು ಎನ್ನುವುದಕ್ಕೆ ಫೋಟೊ ಪುರಾವೆ. ಅದರಿಂದ ಕಲಿತರು ಎನ್ನುವುದಕ್ಕೆ ಆ ಪುಟ ಬೇಕು.