ನಕ್ಷೆಯೊಳಗೆ ನಮ್ಮ ಕೇರಿ ಎಲ್ಲೈತಿ?

ಸಾರವಾಡದಿಂದ ಬಿಜಾಪುರಕ್ಕೆ ಹೋಗುವ ದಾರಿ ನಮಗೆ ಹೊಸದಲ್ಲ. ದುಡಿಮೆಗೆ ಹೋದವರು ನಾವು, ದರಬಾರಿಗೆ ಹೋದವರಲ್ಲ. ಗೋಳಗುಮ್ಮಟ ನೋಡಬಂದವರು ‘ಏನ ಕಟ್ಸ್ಯಾನಪ್ಪ ಸುಲ್ತಾನ!’ ಅಂತಾರ. ಕಲ್ಲು ಹೊತ್ತವರ ಹೆಸರು ಯಾರೂ ಕೇಳಂಗಿಲ್ಲ.

2014ರಲ್ಲಿ ಊರಿನ ಹೆಸರು ವಿಜಯಪುರವಾಯಿತು. ಊರು ನಾಕೂ ದಿಕ್ಕಿಗೆ ಬೆಳೆಯುತ್ತಿದೆ. ಎಲ್ಲಿ, ಹ್ಯಾಂಗ ಬೆಳೀಬೇಕು ಅಂತ ನಕ್ಷೆ ಬರೆಯುವವರು ಮೊದಲು ಇದೇ ಊರಿನ ಚರಿತ್ರೆ ಓದಲಿ.

1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಪಶ್ಚಿಮಕ್ಕೆ, ತೊರವಿಯ ಹತ್ತಿರ, ನವರಸಪುರವೆಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. ಸಾವಿರಾರು ಕೂಲಿಗಳು ದುಡಿದರು. ಅಮೀರರ ಮಹಲುಗಳೆದ್ದವು. ಸುತ್ತಲಿನ ಗೋಡೆ ಮುಗಿಯಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಅಪ್ಪಣೆಯಿಂದ ಎದ್ದ ಊರು ಇಪ್ಪತ್ತೈದು ವರ್ಷದಲ್ಲಿ ಮುಗಿಯಿತು.

ನೀರಿನ ವಿಷಯದಲ್ಲಿ ಮಾತ್ರ ಆ ಅರಸರು ಜಾಣರು. ತೊರವಿಯಿಂದ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಬೇಗಂ ತಾಲಾಬ್ ಆಯಿತು. ಮಣ್ಣಿನ ಕೊಳವೆ, ನಡುನಡುವೆ ನೀರಿನ ಗೋಪುರ. ಬರದ ಸೀಮೆಯಲ್ಲಿ ಅಷ್ಟು ದೊಡ್ಡ ಊರು ಬದುಕಿದ್ದು ಆ ನೀರಿನಿಂದ. ಆದರೆ ಸುರಂಗ ಅಗೆದ ಕೈಗಳನ್ನು ಯಾವ ಶಾಸನ ನೆನೆದೀತು?

1686ರಲ್ಲಿ ಔರಂಗಜೇಬ ಊರು ಗೆದ್ದ. ಜನ ಚದುರಿದರು. 1885ರಲ್ಲಿ ಇಂಗ್ರೇಜಿಯವರು ಕಲಾದಗಿಯಿಂದ ಜಿಲ್ಲಾ ಕಚೇರಿ ಇಲ್ಲಿಗೆ ತಂದು ಹಳೆಯ ಮಹಲುಗಳಲ್ಲೇ ಕೂತರು. ಅರಸ ಹೋದ, ಸಾಹೇಬ ಬಂದ. ನಮ್ಮ ಕೇರಿ ಊರ ಹೊರಗೇ ಉಳಿಯಿತು.

ಈಗ ಕಾನೂನುಗಳಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಜನರ ಅಭಿಪ್ರಾಯ ಕೇಳಬೇಕೆನ್ನುತ್ತದೆ. 1987ರ ಕಾಯಿದೆ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ ಬಡಾವಣೆ ಮಾಡುವ ಅಧಿಕಾರ ಕೊಟ್ಟಿದೆ. ಆದರೆ ಕೇಳುವ ನೋಟೀಸು ಕಚೇರಿಯ ಗೋಡೆಗೆ ಅಂಟಿದರೆ ಕೇರಿಗೆ, ತಾಂಡಾಕ್ಕೆ ಕೇಳಿಸೀತೆ? ಗುಳೆ ಹೋದವರು ಬಂದು ಓದಿಯಾರೆ?

ಊರಂಚಿನ ಎರಿಹೊಲ ಇಂದು ಜೋಳ ಬಿಟ್ಟು ಪ್ಲಾಟು ಬೆಳೆಯುತ್ತಿದೆ. ದೇವರಾಜ ಅರಸರ ಕಾಲದ 1978ರ ಕಾಯಿದೆ, ದಲಿತರಿಗೆ ಸರಕಾರ ಮಂಜೂರು ಮಾಡಿದ ಭೂಮಿ ಅನುಮತಿಯಿಲ್ಲದೆ ಪರಭಾರೆ ಆಗಬಾರದು ಎಂದಿತು. ನಗರ ಹತ್ತಿರ ಬಂದಷ್ಟೂ ಅಂಥ ಭೂಮಿಯ ಮೇಲೆ ಕಣ್ಣು ಬೀಳುತ್ತದೆ. ಇತ್ತ 2010ರ ತಿದ್ದುಪಡಿ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಬೇಡ ಎಂದಿತು. ಸರಿ, ಕಲ್ಲು ಉಳಿಯಲಿ. ಕಲ್ಲಿಗೆ ಅಷ್ಟು ಕಾವಲಿದ್ದರೆ ಕೂಲಿಯವನ ಗುಡಿಸಲಿಗೆ ಎಷ್ಟು ಮೀಟರ್?

ನಗರ ಬೆಳೆಯಬಾರದು ಅಂತ ನಾವು ಅನ್ನುವುದಿಲ್ಲ. ಹಳ್ಳಿಯ ಜಾತಿಯ ಕಟ್ಟು ಬಿಡಿಸಿಕೊಳ್ಳಲು ನಮಗೂ ಪಟ್ಟಣ ಬೇಕು. ಆದರೆ ಅಲ್ಲೂ ಗಟಾರದ ಬದಿಗೇ ನಮ್ಮನ್ನು ಕೂಡಿಸಬೇಡಿರಿ. ನೀರಿನ ಕೊಳವೆ ಮೊದಲು ಕೇರಿಗೆ ಬರಲಿ. ಕೆಲಸದ ಹತ್ತಿರ ಮನೆ ಇರಲಿ. ನಕ್ಷೆಯನ್ನು ಕೇರಿಗೆ ತಂದು, ಕನ್ನಡದಲ್ಲಿ ಓದಿ, ನಮ್ಮ ಮಾತು ಬರಕೊಂಡು ಹೋಗಿರಿ. ಕಟ್ಟುವವರು ನಾವೇ, ಕೇಳುವುದೂ ನಮ್ಮನ್ನೇ ಆಗಬೇಕು.